ಕೊಕ್ಕನೂರಿನವರ ಅಂಗಿಯ ಎರಡನೇ ಗುಂಡಿ

ದೊಡ್ಡಪ್ಪನ ಟ್ರಂಕಿನಲ್ಲಿರುವ ಚಿತ್ರಗಳಲ್ಲಿ ಯಾರ ಅಂಗಿಗೂ ಮೇಲಿನಿಂದ ಎರಡನೇ ಗುಂಡಿ ಇಲ್ಲ. ನಾನು ಇದನ್ನು ಮೊದಲು ಗಮನಿಸಿದ್ದು ಎಂಟನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ, ಹರಿಹರದ ಅವರ ಅಂಗಡಿಯಲ್ಲಿ. ಮರೆತಿರಾ ಎಂದು ಕೇಳಿದೆ. ಅವರು ಟ್ರ್ಯಾಕ್ಟರ್ ಟ್ರೇಲರ್‌ನ ಹಿಂಬದಿಗೆ ಮಾಲೀಕರ ಊರಿನ ಹೆಸರು ಬರೆಯುತ್ತಿದ್ದರು. ಬ್ರಷ್ ಎತ್ತದೆ, ಮರೆತಿಲ್ಲ, ಅವರೆಲ್ಲ ಇನ್ನೂ ಬದುಕಿದ್ದಾರೆ ಎಂದರು.

ಅದು ಅವರ ಕಟ್ಟಳೆ. ಬದುಕಿರುವವರ ಚಿತ್ರಕ್ಕೆ ಆ ಗುಂಡಿ ಹಾಕುವುದಿಲ್ಲ. ತೀರಿಕೊಂಡ ಸುದ್ದಿ ಬಂದ ದಿನ ಟ್ರಂಕಿನಿಂದ ಹಾಳೆ ತೆಗೆದು, ಪೆನ್ಸಿಲ್ ಚೂಪು ಮಾಡಿ, ಗುಂಡಿ ಹಾಕಿ, ಚಿತ್ರವನ್ನು ಅವರ ಮನೆಗೆ ಕಳಿಸಿಬಿಡುತ್ತಾರೆ. ಹಾಗಾಗಿ ಟ್ರಂಕಿನಲ್ಲಿ ಉಳಿದವರೆಲ್ಲ ಎಲ್ಲೋ ಒಂದು ಊರಿನಲ್ಲಿ ಉಸಿರಾಡುತ್ತಿರುವವರು. ಒಬ್ಬರನ್ನು ಬಿಟ್ಟು.

ದೊಡ್ಡಪ್ಪ ಸೈನ್ಯಕ್ಕೆ ಸೇರಿದ್ದು ಪೇಂಟರ್ ಆಗಿ. ಲಾರಿಗಳಿಗೆ ನಂಬರ್ ಬರೆಯುವುದು, ಬೆಟ್ಟದ ರಸ್ತೆಯ ತಿರುವುಗಳಿಗೆ ಬೋರ್ಡು ಬರೆಯುವುದು, ಜವಾನರ ಕಪ್ಪು ಟ್ರಂಕುಗಳ ಮೇಲೆ ಬಿಳಿ ಅಕ್ಷರ ಮೂಡಿಸುವುದು ಅವರ ಕೆಲಸ. ಕೈ ಚೆನ್ನಾಗಿದೆ ಎಂದು ಗೊತ್ತಾದ ಮೇಲೆ ಅಧಿಕಾರಿಗಳು ಎದುರಿನ ಬೆಟ್ಟಗಳ ಸಾಲಿನ ಚಿತ್ರ ಬರೆಸಿದರು. ಮರಳಿನಲ್ಲಿ ಕಣಿವೆಯ ಮಾದರಿ ಮಾಡಿಸಿದರು. ದಾಳಿಗೆ ಹೋಗುವವರು ಅದರ ಸುತ್ತ ಕೂತು ದಾರಿ ಕಲಿಯುತ್ತಿದ್ದರು. ಆಮೇಲೆ ಒಬ್ಬ ಕರ್ನಲ್ ಸಾಹೇಬರು, ಪಡೆಯ ದಿನಚರಿಯನ್ನೇ ಚಿತ್ರದಲ್ಲಿ ಬರೆದಿಡು, ಕ್ಯಾಮೆರಾ ಹೋಗದ ಕಡೆ ನೀನು ಹೋಗು ಎಂದರಂತೆ. ಬಣ್ಣ ಆ ಎತ್ತರದಲ್ಲಿ ಡಬ್ಬಿಯಲ್ಲೇ ಗಟ್ಟಿಯಾಗುತ್ತಿತ್ತು. ಅದಕ್ಕೇ ಎಲ್ಲವೂ ಪೆನ್ಸಿಲ್ಲಿನಲ್ಲಿವೆ, ಹಲವು ರೇಷನ್ ಹಾಳೆಗಳ ಹಿಂಬದಿಯಲ್ಲಿ.

ಯುದ್ಧದ ಚಿತ್ರ ಎಂದರೆ ಹೊಗೆ, ಬೆಂಕಿ, ಓಡುವ ಜನ ಎಂದುಕೊಂಡಿದ್ದ ನನಗೆ ಅವುಗಳನ್ನು ನೋಡಿ ಮೊದಲು ನಿರಾಸೆಯಾಗಿತ್ತು. ಆಲೂಗಡ್ಡೆ ಸುಲಿಯುವ ಕೈಗಳು. ಹೇಸರಗತ್ತೆಯ ಬೆನ್ನಿಗೆ ಸೀಮೆಎಣ್ಣೆ ಡಬ್ಬ ಬಿಗಿಯುವವನು. ಹೆಲ್ಮೆಟ್ಟಿನಲ್ಲಿ ನೀರು ತುಂಬಿಕೊಂಡು ಗಡ್ಡ ಹೆರೆಯುವವನು. ಬಾಯಿ ತೆರೆದು ನಿದ್ದೆ ಹೋದವರ ಸಾಲು. ಗುಂಡು ಹಾರುವಾಗ ಚಿತ್ರ ಬರೆಯಲಿಲ್ಲವೇ ಎಂದರೆ, ಆಗ ಎಲ್ಲರೂ ನೆಲಕ್ಕೆ ಮುಖ ಹಾಕಿರುತ್ತಿದ್ದರು, ತಾನೂ ಹಾಗೇ ಇದ್ದೆ ಎನ್ನುತ್ತಿದ್ದರು.

ಗುಂಡಿಯ ಕಟ್ಟಳೆ ಶುರುವಾದದ್ದು ಮೊದಲ ಚಳಿಗಾಲದಲ್ಲಿ. ಒಬ್ಬ ತಮಿಳು ಹುಡುಗನ ಚಿತ್ರವನ್ನು ಬೂಟಿನ ಲೇಸಿನವರೆಗೆ ಪೂರ್ತಿ ಬರೆದಿದ್ದರು. ಅದೇ ವಾರ ಅವನು ಶೆಲ್ ಬಿದ್ದು ಸತ್ತ. ಆಮೇಲೆ ಆ ಬಂಕರಿನಲ್ಲಿ ಒಬ್ಬರೂ ಇವರ ಎದುರು ಕೂರಲಿಲ್ಲ. ಕಾಗದ ಕಂಡರೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ಪಂಜಾಬಿನ ವಯಸ್ಸಾದ ಹವಾಲ್ದಾರರೊಬ್ಬರು ತಾವಾಗಿ ಬಂದು ಕೂತು, ನನ್ನನ್ನು ಪೂರ್ತಿ ಬರೆಯಬೇಡ, ಒಂದು ಗುಂಡಿ ಬಾಕಿ ಇಡು, ಅದನ್ನು ಹಾಕಿಸಿಕೊಳ್ಳಲು ನಾಳೆ ಬರುತ್ತೇನೆ ಎಂದರಂತೆ. ಮರುದಿನ ಬಂದರು. ಆದರೆ ಹಾಕಿಸಿಕೊಳ್ಳಲಿಲ್ಲ, ಮತ್ತೆ ನಾಳೆ ಎಂದರು. ಅಲ್ಲಿಂದ ಉಳಿದವರೂ ಕೂರಲು ಶುರು ಮಾಡಿದರು. ಆ ಹವಾಲ್ದಾರರು ತೀರಿಕೊಂಡದ್ದು ತಮ್ಮ ಹಳ್ಳಿಯಲ್ಲಿ, ಮೊಮ್ಮಕ್ಕಳ ನಡುವೆ. ಗುಂಡಿ ಹಾಕಿದ ಆ ಚಿತ್ರವನ್ನು ಅವರ ಮನೆಗೆ ಕೊರಿಯರ್ ಮಾಡಿದವಳು ನಾನೇ.

ನಾನು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಬಂದದ್ದು, ಹೋದದ್ದು, ಉಳಿದದ್ದು ಬರೆಯುವುದು ಕೆಲಸ. ಅದು ಮನೆಯ ಡೈರಿಗೂ ಅಂಟಿಕೊಂಡಿದೆ. ದೊಡ್ಡಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪ ಹರಿಹರದ ಅಂಗಡಿ ಮುಚ್ಚಿ ಆವರಗೆರೆಯ ನಮ್ಮ ಮನೆಗೆ ಬಂದರು. ಆ ವಾರವೇ ಟ್ರಂಕಿನ ಚಿತ್ರಗಳನ್ನು ಎಣಿಸಿದೆ: ನಲವತ್ತಮೂರು. ನಂತರ ಪ್ರತಿ ಭಾನುವಾರದ ಪುಟದ ಕೆಳಗೆ ಉಳಿದವರ ಸಂಖ್ಯೆ ಬರೆಯುತ್ತಾ ಬಂದೆ. ಕೊರೊನಾ ಬಂದ ವರ್ಷ ಅದು ಬೇಗ ಬೇಗ ಇಳಿಯಿತು. ಒಮ್ಮೆ ಅಪ್ಪ ನನ್ನ ಡೈರಿ ನೋಡಿ, ಇದೇನಿದು ಕೋಳಿ ಫಾರಂ ಲೆಕ್ಕ ಇದ್ದಂಗೆ ಐತೆ ಎಂದರು. ದೊಡ್ಡಪ್ಪ ಮಾತ್ರ ನಗಲಿಲ್ಲ. ರಾತ್ರಿ ಊಟದ ಹೊತ್ತಿಗೆ, ಸಂಖ್ಯೆ ಬರೆಯೋದು ನಿಲ್ಲಿಸಬೇಡ ಎಂದು ಹೇಳಿದರು.

ಟ್ರಂಕಿನಲ್ಲಿ ಬದುಕಿರುವವರ ಜೊತೆ ಉಳಿದ ಆ ಒಬ್ಬರು ಕೊಕ್ಕನೂರಿನವರು. ನಮ್ಮ ಮನೆಯಲ್ಲಿ ಅವರನ್ನು ಹಾಗೇ ಕರೆಯುವುದು. ಅಷ್ಟು ದೂರದ ಬೆಟ್ಟದಲ್ಲಿ ಹರಿಹರ ತಾಲ್ಲೂಕಿನ ಮಾತು ಕೇಳಿಸಿದ್ದೇ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಹತ್ತಿರವಾದರು. ಅವರ ಚಿತ್ರದಲ್ಲಿ ಅವರು ಒಂದು ಕಲ್ಲಿನ ಮೇಲೆ ಕೂತು ಕಾಲುಚೀಲ ಹೊಲಿಯುತ್ತಿದ್ದಾರೆ, ಸೂಜಿ ಹಲ್ಲಿನ ನಡುವೆ ಇದೆ, ನಗು ತಡೆದ ಹಾಗೆ ಕೆನ್ನೆ ಉಬ್ಬಿದೆ.

ಆ ಚಿತ್ರ ಬರೆದ ಮರುದಿನ ಗಡಿಯ ಒಂದು ಹೊಳೆ ದಾಟಬೇಕಿತ್ತು. ಸೇತುವೆಯನ್ನು ಶೆಲ್ ಒಡೆದಿತ್ತು. ಹಗ್ಗ ಕಟ್ಟಿ ಒಬ್ಬೊಬ್ಬರೇ ಹೋಗುತ್ತಿದ್ದರು. ದೊಡ್ಡಪ್ಪ ದಾಟಿ ಆಚೆ ದಡದಲ್ಲಿ ನಿಂತಿದ್ದರು, ಕೊಕ್ಕನೂರಿನವರು ಹಗ್ಗದ ನಡುವೆ ಇದ್ದರು. ಹಗ್ಗ ಒಮ್ಮೆ ತಗ್ಗಿ ಮೇಲೆದ್ದಾಗ ಅದರ ಮೇಲೆ ಯಾರೂ ಇರಲಿಲ್ಲ. ಹಿಮ ಕರಗಿ ಇಳಿಯುವ ನೀರು, ಎಷ್ಟು ಹುಡುಕಿದರೂ ದೇಹ ಸಿಗಲಿಲ್ಲ. ವಿಚಾರಣೆಗೆ ನಕ್ಷೆ ಬೇಕಾಯಿತು: ಹಗ್ಗ ಎಲ್ಲಿಂದ ಎಲ್ಲಿಗೆ, ಯಾರು ಯಾರ ಹಿಂದೆ. ಬರೆಯುವ ಕೈ ಇದ್ದದ್ದು ಇವರದೊಂದೇ. ಹೊಳೆಯ ನಡುವೆ ಒಂದು ಗುಣಾಕಾರದ ಗುರುತು ಹಾಕಿ ಒಪ್ಪಿಸಿದರು. 

ರಜೆಗೆ ಬಂದ ದೊಡ್ಡಪ್ಪ ಮೊದಲು ಹೋದದ್ದು ಕೊಕ್ಕನೂರಿಗೆ. ಚಿತ್ರ ಒಯ್ದಿದ್ದರು, ಗುಂಡಿ ಹಾಕಿರಲಿಲ್ಲ. ಕೇಳಿ ಹಾಕೋಣ ಎಂದುಕೊಂಡಿದ್ದರು. ಕೊಕ್ಕನೂರಿನವರ ಹೆಂಡತಿಗೆ ಗುಂಡಿಯ ಕಥೆ ಗೊತ್ತಿತ್ತು. ಹಿಂದಿನ ಸಲ ರಜೆಗೆ ಬಂದ ಗಂಡ ನಕ್ಕು ನಕ್ಕು ಹೇಳಿದ್ದರಂತೆ. ಕಂಕುಳಲ್ಲಿ ಕೂಸು, ಆಕೆ ಚಿತ್ರ ಕೈಗೆ ತೆಗೆದುಕೊಂಡು ಮುಖವನ್ನು ನೋಡಲಿಲ್ಲ, ಅಂಗಿಯನ್ನು ನೋಡಿದರು.

"ಮುಳುಗಿದ್ದು ನೋಡೀರಿ. ಸತ್ತಿದ್ದು ನೋಡಿಲ್ಲ. ಹೌದಲ್ರಿ ಅಣ್ಣ?"

ಹೌದು ಎಂದರು ದೊಡ್ಡಪ್ಪ.  ಆಕೆ ಚಿತ್ರ ಹಿಂದಕ್ಕೆ ಕೊಟ್ಟು, ನಿಮ್ಮ ಹತ್ತಿರವೇ ಇರಲಿ, ಹಂಗೇ ಇರಲಿ ಎಂದರು. ಸರ್ಕಾರದ ಕಾಗದಗಳು ಬಂದವು, ಪಿಂಚಣಿ ಬಂತು, ಊರಿನವರು ಹೇಳುವಷ್ಟು ಹೇಳಿದರು. ಆಕೆ ಹಣೆಯ ಕುಂಕುಮ ತೆಗೆಯಲಿಲ್ಲ. ಮಣ್ಣು ಮಾಡಲು ದೇಹವಿಲ್ಲದ ಮನೆಯಲ್ಲಿ ಯಾರಿಗೂ ಒತ್ತಾಯ ಮಾಡುವ ಧೈರ್ಯವೂ ಇರಲಿಲ್ಲ.

ನಿವೃತ್ತಿಯಾಗಿ ದೊಡ್ಡಪ್ಪ ಹರಿಹರದಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟಮೇಲೆ, ಆಕೆ ಸಂತೆಯ ದಿನ ಬಂದಾಗಲೆಲ್ಲ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ನಾವು ಮನೆಯಲ್ಲಿ ಅವರನ್ನು ಕೊಕ್ಕನೂರಿನಮ್ಮ ಎನ್ನುತ್ತೇವೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಬುಟ್ಟಿ. ಒಳಗೆ ಬಂದು ಕೂತದ್ದನ್ನು ನಾನು ಕಂಡಿಲ್ಲ.

"ಗುಂಡಿ ಹಂಗೇ ಐತಾ ಅಣ್ಣ?"

"ಹಂಗೇ ಐತೆ ತಂಗಿ."

ಅಷ್ಟೇ ಮಾತು. ಆಮೇಲೆ ಬದನೆಕಾಯಿ ಎಷ್ಟಕ್ಕೆ ಸಿಕ್ಕಿತು, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ. ಅಂಗಡಿ ಮುಚ್ಚಿದ ಮೇಲೆ ಸಂತೆಯ ದಿನಗಳಲ್ಲಿ ಹರಿಹರದಲ್ಲಿ ಕೊಟ್ಟಿದ್ದ ಮಗಳ ಮನೆಯಿಂದ ಫೋನ್ ಮಾಡಿ ಅದನ್ನೇ ಕೇಳುತ್ತಿದ್ದರು. ಇವರೂ ಅದನ್ನೇ ಹೇಳುತ್ತಿದ್ದರು.

ಹೋದ ವರ್ಷ ಮಾರ್ಚಿನಲ್ಲಿ ದಾವಣಗೆರೆಯ ಕಣ್ಣಿನ ಡಾಕ್ಟರು ದೊಡ್ಡಪ್ಪನ ಎರಡೂ ಕಣ್ಣುಗಳನ್ನು ಪರೀಕ್ಷಿಸಿ, ಹೋಗಿರುವ ದೃಷ್ಟಿ ವಾಪಸ್ ಬರುವುದಿಲ್ಲ, ಉಳಿದದ್ದೂ ನಿಧಾನವಾಗಿ ಹೋಗುತ್ತದೆ, ಹನಿ ಹಾಕುತ್ತಿರಿ ಎಂದರು.  ಮನೆಗೆ ಬಂದು ಟ್ರಂಕು ತೆಗೆಸಿ ಕೊಕ್ಕನೂರಿನವರ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು, ಕಣ್ಣಿನ ಹತ್ತಿರ ತಂದರು, ಓರೆ ಮಾಡಿದರು.

"ಇದೊಂದನ್ನ ನನ್ನ ಕಣ್ಣಿರೋದ್ರಾಗೆ ಮುಗಿಸಬೇಕವ್ವ," ಎಂದರು. "ಇನ್ನೊಬ್ಬರು ಹಾಕಿದ್ರೆ ಅದು ಗುಂಡಿ ಅಲ್ಲ."

ಆದರೆ ಆಕೆಯ ಮಾತಿಲ್ಲದೆ ಹಾಕುವಂತಿರಲಿಲ್ಲ. ಕೇಳಬೇಕು, ಕೇಳಲು ಬಾಯಿ ಬರಬೇಕು. ಏಪ್ರಿಲ್, ಮೇ, ಜೂನ್ ಹಾಗೇ ಹೋದವು. ಕೊಕ್ಕನೂರಿನಮ್ಮನ ಫೋನ್ ಬರುವ ದಿನ ಬೆಳಗಿನಿಂದಲೇ ಅಂಗಳದಲ್ಲಿ ಓಡಾಡುತ್ತಾ ತುಟಿ ಅಲುಗಿಸುತ್ತಿದ್ದರು. ಫೋನ್ ಬಂದರೆ ಹಂಗೇ ಐತೆ ತಂಗಿ ಎಂದು ಹೇಳಿ ನನ್ನ ಕೈಗೆ ಕೊಟ್ಟುಬಿಡುತ್ತಿದ್ದರು. ಈ ನಡುವೆ ಭಾನುವಾರಗಳಲ್ಲಿ ನಾನು ಒಂದೊಂದೇ ಚಿತ್ರ ತೆಗೆದು ಅದರಲ್ಲಿ ಏನಿದೆ ಎಂದು ಹೇಳುತ್ತಿದ್ದೆ. ಕಿವಿಯ ಹತ್ತಿರ ಗಾಯದ ಗುರುತು, ಬೀಡಿ ಹಿಡಿದ ಎಡಗೈ ಎನ್ನುತ್ತಿದ್ದ ಹಾಗೇ ಅವರು ಊರು, ವರ್ಷ, ಆ ದಿನದ ಅಡುಗೆ ಸಹಿತ ಹೇಳುತ್ತಿದ್ದರು. ನಾನು ಹಿಂಬದಿಗೆ ಬರೆದಿಡುತ್ತಿದ್ದೆ. ಜುಲೈ ಹೊತ್ತಿಗೆ ಅವರಿಗೆ ಹಾಳೆಯ ಅಂಚು ಕಾಣುತ್ತಿತ್ತು, ಒಳಗಿನ ಗೆರೆ ಕಾಣುತ್ತಿರಲಿಲ್ಲ.

ಆಗ ಊರಿನ ಕೆಲವು ಮಾಜಿ ಸೈನಿಕರು ಮನೆಗೆ ಬಂದು, ಈ ಚಿತ್ರಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸ್ವಾತಂತ್ರ್ಯ ದಿನದ ವಾರ ಪ್ರದರ್ಶನ ಇಡೋಣ ಎಂದರು. ದೊಡ್ಡಪ್ಪ ಒಪ್ಪಿದರು. ಕೊಕ್ಕನೂರಿನವರ ಚಿತ್ರ ಇಡಬಹುದೇ ಎಂದು ಆಕೆಯನ್ನು ಕೇಳಿದರು. ಆ ನೆಪದಲ್ಲಿ ಇನ್ನೊಂದು ಮಾತೂ ಬರಬಹುದು ಎಂದುಕೊಂಡಿದ್ದರೇನೋ. ಸ್ಪೀಕರ್ ಹಾಕಿದ್ದರಿಂದ ಅವರ ಉತ್ತರ ನನಗೂ ಕೇಳಿಸಿತು.

"ಇಡ್ರಿ ಅಣ್ಣ. ನಾಕು ಮಂದಿ ನೋಡ್ಲಿ. ಎಲ್ಲೋ ಕಂಡೀವಿ ಅಂತ ಯಾರಾದ್ರೂ ಗುರ್ತು ಹಿಡಿದಾರು."

ದೊಡ್ಡಪ್ಪ ಪ್ರದರ್ಶನದ ದಿನ ಹೇಳಿ ಫೋನ್ ಇಟ್ಟರು. ಗುಂಡಿ ಹಾಕಲೇ ಎಂದು ಅವರು ಇನ್ನು ಕೇಳುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಚಿತ್ರಗಳನ್ನು ಸ್ಕ್ಯಾನ್ ಮಾಡಿಸಲು ಪೇಟೆಯ ಒಂದು ಸ್ಟುಡಿಯೋಗೆ ನಾನೇ ಒಯ್ದಿದ್ದೆ. ಎಣಿಸಿ ಕೊಟ್ಟೆ, ಎಣಿಸಿ ತಂದೆ, ಇಪ್ಪತ್ತೊಂಬತ್ತು. ಪ್ರಿಂಟುಗಳು ನೇರವಾಗಿ ಸಭಾಂಗಣಕ್ಕೆ ಹೋದವು. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳಿಗೆ ಮೂಲ ಚಿತ್ರ ತೋರಿಸಲೆಂದು ಫೈಲನ್ನು ಚೀಲದಲ್ಲಿಟ್ಟುಕೊಂಡು ದೊಡ್ಡಪ್ಪನ ಜೊತೆ ಹೊರಟೆ. ಆಟೋ ಸಿಗದೆ ತಡವಾಯಿತು. ನಾವು ಹೋಗುವ ಹೊತ್ತಿಗೆ ಜನ ಬಂದು ನೋಡುತ್ತಿದ್ದರು, ಉಪ್ಪಿಟ್ಟಿನ ತಟ್ಟೆಗಳು ಓಡಾಡುತ್ತಿದ್ದವು.

ನಾನು ದೊಡ್ಡಪ್ಪನ ಕೈ ಹಿಡಿದು ಮೊದಲ ಪ್ರಿಂಟಿನ ಮುಂದೆ ನಿಲ್ಲಿಸಿದೆ. ಹೆಲ್ಮೆಟ್ಟಿನಲ್ಲಿ ನೀರು, ಗಡ್ಡಕ್ಕೆ ನೊರೆ ಎಂದು ಹೇಳುತ್ತಾ ಹೋದವಳು ಅಂಗಿಗೆ ಬಂದು ನಿಂತೆ. ಎರಡನೇ ಗುಂಡಿ ಇತ್ತು. ಪಕ್ಕದ ಪ್ರಿಂಟಿಗೆ ಹೋದೆ, ಅದರಲ್ಲೂ ಇತ್ತು. ಎಲ್ಲರಿಗೂ, ಒಂದೇ ಅಳತೆಯ, ನಾಲ್ಕು ತೂತುಗಳ ಗುಂಡಿ.

ಹೊರಗೆ ಬಂದು ಸ್ಟುಡಿಯೋದವರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ಸಂತೋಷದಿಂದಲೇ ಹೇಳಿದರು.

"ಹಳೇ ಪೆನ್ಸಿಲ್ ಅಲ್ರಿ ಮೇಡಂ, ಅಳಿಸಿ ಹೋಗೈತೆ ಅಂದ್ಕಂಡೆ. ಎಲ್ಲರದ್ದೂ ಒಂದೊಂದು ಗುಂಡಿ ಇರ್ಲಿಲ್ಲ. ಕೂತು ಹಾಕಿದೀನಿ. ಅದಕ್ಕೇನೂ ಎಕ್ಸ್‌ಟ್ರಾ ತಗಂಡಿಲ್ಲ ಬಿಡ್ರಿ."

ನಾನು ಒಳಗೆ ಹೋಗುವಷ್ಟರಲ್ಲಿ, ಚಿತ್ರದಲ್ಲಿ ಬೀಡಿ ಹಿಡಿದು ಕೂತಿರುವ ಹೊನ್ನಾಳಿ ಕಡೆಯ ಹಿರಿಯರೊಬ್ಬರು ಖುದ್ದಾಗಿ ಬಂದು ದೊಡ್ಡಪ್ಪನನ್ನು ಹಿಡಿದುಕೊಂಡಿದ್ದರು. ನಾನಿನ್ನೂ ಉಪ್ಪಿಟ್ಟು ತಿನ್ನಾಕತ್ತೀನಿ, ಅಷ್ಟರಾಗೆ ನನ್ನ ಗುಂಡಿ ಯಾವೋನು ಹಾಕ್ದೋನು ಎಂದು ಕೇಳುತ್ತಿದ್ದರು. ಸುತ್ತ ನಿಂತವರು ನಗುತ್ತಿದ್ದರು. ದೊಡ್ಡಪ್ಪನಿಗೆ ಅದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ನನ್ನ ಕಡೆಗೆ ಮುಖ ತಿರುಗಿಸಿದರು. ನಾನು ನಡೆದದ್ದನ್ನು ಹೇಳಿದೆ.

"ಕೊಕ್ಕನೂರಿನೋರದಕ್ಕೂ?"

"ಹೌದು ದೊಡ್ಡಪ್ಪ."

ಬಾಗಿಲಲ್ಲಿ ಹಾಜರಿ ಬರೆಸುತ್ತಿದ್ದವರು, ಕೊಕ್ಕನೂರಿನ ಅಮ್ಮ ಒಬ್ಬರು ಮಗಳ ಜೊತೆ ಬಾಗಿಲು ತೆಗೆಯುವ ಹೊತ್ತಿಗೇ ಬಂದಿದ್ದರು, ಒಂದೇ ಚಿತ್ರದ ಮುಂದೆ ನಿಂತು, ನೀರು ಕೂಡ ಕುಡಿಯದೆ ಹೋದರು ಎಂದರು. ಮಗಳಿಗೆ ಫೋನ್ ಮಾಡಿದೆ. ಅವ್ವನನ್ನು ಊರಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಬಸ್ಸಿನಲ್ಲಿದ್ದೇವೆ ಎಂದರು. ಹಿಂದೆ ಬಸ್ಸಿನ ಸದ್ದಿತ್ತು.

ದೊಡ್ಡಪ್ಪ ಮುಖ್ಯ ಅತಿಥಿಗಳು ಬರುವವರೆಗೂ ಕಾಯಲಿಲ್ಲ. ಹರಿಹರದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ನಾಟಿಗೆ ಕೆಸರು ಮಾಡಿದ್ದ ಗದ್ದೆಗಳು. ನಾನು ಹಾಕಿಲ್ಲ ಅಂತ ಹೇಳಬೇಕು, ಅಷ್ಟು ಹೇಳಿದರೆ ಸಾಕು ಎಂದು ಎರಡು ಮೂರು ಸಲ ಅಂದರು. ಆಮೇಲೆ ನನ್ನ ಚೀಲದ ಮೇಲೆ ಕೈ ಇಟ್ಟು, ಅದರಲ್ಲಿ ಇಲ್ಲ ತಾನೆ, ಸರಿಯಾಗಿ ನೋಡಿದೀಯ ತಾನೆ ಎಂದು ಕೇಳಿದರು. ಬಸ್ಸಿನಲ್ಲೇ ಫೈಲು ತೆರೆದು ನೋಡಿ ಇಲ್ಲ ಎಂದೆ.

ಕೊಕ್ಕನೂರಿನಲ್ಲಿ ಮಗಳು ಬಾಗಿಲು ತೆರೆದರು. ಕೊಕ್ಕನೂರಿನಮ್ಮ ಒಳಗಿನ ಕಂಬಕ್ಕೆ ಒರಗಿ ಕೂತಿದ್ದರು. ನಡು ಮಧ್ಯಾಹ್ನ, ತಲೆಗೂದಲು ಒದ್ದೆಯಾಗಿ ಬೆನ್ನ ಮೇಲೆ ಬಿಟ್ಟಿತ್ತು. ಸಾವಿನ ಸುದ್ದಿ ಕೇಳಿದವರು ತಲೆಗೆ ನೀರು ಹಾಕಿಕೊಳ್ಳುವ ಹಾಗೆ ಹಾಕಿಕೊಂಡಿದ್ದರು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಅಲ್ಲಿಯ ಚರ್ಮ ಮುಖದ ಉಳಿದ ಭಾಗಕ್ಕಿಂತ ಬೆಳ್ಳಗೆ, ಒಂದು ಕಾಸಿನಗಲ ಕಾಣುತ್ತಿತ್ತು.

ಇದ್ಯಾವುದೂ ದೊಡ್ಡಪ್ಪನಿಗೆ ಕಾಣಲಿಲ್ಲ. ನಾನು ಹೇಳಲಿಲ್ಲ. ಅವರು ಹೊಸ್ತಿಲಲ್ಲೇ ನಿಂತು, ಮನೆಯ ಕತ್ತಲೆಗೆ ಹೇಳಿದರು:

"ಹಂಗೇ ಐತೆ ತಂಗಿ. ನಾನು ಹಾಕಿಲ್ಲ. ಸ್ಟುಡಿಯೋದೋನು ಗೊತ್ತಿಲ್ದೆ ಕಂಪ್ಯೂಟರ್‌ನ್ಯಾಗೆ ಹಾಕ್ಯಾನೆ. ನಂದು ಹಂಗೇ ಐತೆ."

ಆಕೆ ಮಗಳಿಗೆ ಚಾಪೆ ಹಾಸಲು ಹೇಳಿದರು. ಬರ್ರಿ, ಕೂಡ್ರಿ ಎಂದರು. ನಾನು ದೊಡ್ಡಪ್ಪನನ್ನು ಕೂರಿಸಿ ಮೂಲ ಚಿತ್ರವನ್ನು ಆಕೆಯ ಕೈಗೆ ಕೊಟ್ಟೆ. ಮೂವತ್ತು ವರ್ಷದ ಮೇಲಾಗಿತ್ತು ಅವರು ಅದನ್ನು ಹಿಡಿದು. ಈ ಸಲ ಅಂಗಿಯನ್ನಲ್ಲ, ಮುಖವನ್ನು ನೋಡಿದರು. ಕಾಲುಚೀಲವನ್ನು ನೋಡಿದರು. ಈ ಸೂಜಿ ನಾನೇ ಕೊಟ್ಟು ಕಳಿಸಿದ್ದು, ಡಬ್ಬಿ ಸಮೇತ ಎಂದು ಮಗಳಿಗೆ ಹೇಳಿದರು. ಮಗಳಿಗೆ ಅಪ್ಪನ ನೆನಪೇ ಇಲ್ಲ. ಅವರು ಬಗ್ಗಿ ಸೂಜಿಯನ್ನು ನೋಡಿದರು.

"ನಿಮಗೆ ಗೊತ್ತಿತ್ತಲ್ರಿ ಅಣ್ಣ," ಎಂದರು ಕೊಕ್ಕನೂರಿನಮ್ಮ.

"ಗೊತ್ತಿತ್ತು."

"ನನಗೂ ಗೊತ್ತಿತ್ತು. ನಾನು ಹಾಕ್ರಿ ಅಂದಿದ್ರೆ ನಾನೇ ಕೈಯಾರೆ ಕೊಂದಂಗೆ ಆಗ್ತಿತ್ತು. ನೀವು ಹಾಕಿದ್ರೆ ನೀವು ಕೊಂದಂಗೆ. ಯಾರೋ ಗುರ್ತಿಲ್ಲದೋನು ಹಾಕ್ದ. ನೋಡ್ದೆ. ಬಸ್ಸಿನಾಗೆ ಅಳು ಬಂತು. ಇಷ್ಟು ವರ್ಷ ಬಂದಿರ್ಲಿಲ್ಲ."

ದೊಡ್ಡಪ್ಪ ಅದು ತಪ್ಪಿನಿಂದ ಆದದ್ದು ಎಂದು ಮತ್ತೆ ಹೇಳಲು ಹೋದರು. ಆಕೆ ತಡೆದರು.

"ಅದನ್ನ ಮತ್ತೆ ಹಿಂದಕ್ಕೆ ತಗಳ್ಳಬ್ಯಾಡ್ರಿ. ಆದ್ರೆ ಆ ಕಂಪ್ಯೂಟರಿಂದು ನಮಗೆ ಬ್ಯಾಡ. ನಿಮ್ಮ ಕೈಲೇ ಹಾಕಿ ಕೊಡ್ರಿ."

ದೊಡ್ಡಪ್ಪನ ಜೇಬಿನಲ್ಲಿ ಯಾವಾಗಲೂ ಒಂದು ಗಿಡ್ಡ ಪೆನ್ಸಿಲ್ ಇರುತ್ತದೆ. ತೆಗೆದರು. ಹಾಳೆಯನ್ನು ನನ್ನ ಫೈಲಿನ ಮೇಲೆ ಇಟ್ಟು ಅವರ ತೊಡೆಗೆ ಕೊಟ್ಟೆ. ಬಾಗಿಲ ಬೆಳಕಿಗೆ ತಿರುಗಿ ಕೂತರು. ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ, ಮೇಲಿಂದ ಬೆರಳಿನ ಲೆಕ್ಕ ಹಾಕಿ, ಪೆನ್ಸಿಲ್ ಇಳಿಸಲು ಹೋಗಿ ಎತ್ತಿದರು. ಮತ್ತೆ ಇಳಿಸಿ ಎತ್ತಿದರು. ಇದಕ್ಕಾಗಿಯೇ ಉಳಿಸಿಕೊಳ್ಳಬೇಕು ಎಂದಿದ್ದ ಕಣ್ಣು ಮಳೆಗಾಲ ಬರುವಷ್ಟರಲ್ಲಿ ಮುಗಿದಿತ್ತು.

"ಕಾಣವಲ್ದು ತಂಗಿ," ಎಂದರು.

ನಾನು ಅವರ ಕೈ ಹಿಡಿಯಲು ಬಗ್ಗಿದೆ. ಅಷ್ಟರಲ್ಲಿ ಕೊಕ್ಕನೂರಿನಮ್ಮ ಜರುಗಿ ಹತ್ತಿರ ಬಂದು ತಮ್ಮ ತೋರುಬೆರಳನ್ನು ಗಂಡನ ಅಂಗಿಯ ಮೇಲೆ ಇಟ್ಟರು, ಇಲ್ಲಿ ಎಂದರು. ದೊಡ್ಡಪ್ಪ ಎಡಗೈಯಿಂದ ಆ ಬೆರಳನ್ನು ಹುಡುಕಿ ಮುಟ್ಟಿದರು. ಬೆರಳಿನ ತುದಿಗೆ ಪೆನ್ಸಿಲ್ ಊರಿದರು. ಆಕೆ ಬೆರಳು ತೆಗೆದುಕೊಂಡರು. ಒಂದು ಸುತ್ತು, ಒಳಗೆ ಎರಡು ಚುಕ್ಕೆ.

ಗುಂಡಿ ಸಾಲಿನಲ್ಲಿ ಬರಲಿಲ್ಲ. ಎಡಕ್ಕೆ ಸರಿದು, ಜೇಬಿನ ಹತ್ತಿರ, ಉಳಿದವಕ್ಕಿಂತ ದೊಡ್ಡದಾಗಿ ಕೂತಿತ್ತು. ಸುತ್ತು ಪೂರ್ತಿ ಕೂಡಿಕೊಂಡೂ ಇರಲಿಲ್ಲ.

"ಸರಿಯಾಗಿ ಕುಂತೈತಾ?" ದೊಡ್ಡಪ್ಪ ಕೇಳಿದರು.

ಕೊಕ್ಕನೂರಿನಮ್ಮ ಚಿತ್ರವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ನೋಡಿದರು.

"ಸರಿಯಾಗೇ ಐತೆ ಅಣ್ಣ."

ಆಮೇಲೆ ಮಗಳು ಚಹಾ ತಂದರು. ಕಾಲುವೆಗೆ ನೀರು ಬಿಟ್ಟ ಮಾತು ಸ್ವಲ್ಪ ಬಂದು ನಿಂತುಹೋಯಿತು. ಹೊರಡುವಾಗ ಚಿತ್ರ ಆಕೆಯ ಮಡಿಲಲ್ಲೇ ಇತ್ತು. ಬಸ್ಸಿನಲ್ಲಿ ದೊಡ್ಡಪ್ಪ ಪೆನ್ಸಿಲ್ಲನ್ನು ಜೇಬಿಗೆ ಹಾಕದೆ ನನ್ನ ಕೈಗೆ ಕೊಟ್ಟರು. ಅವರ ತೋರುಬೆರಳು ಸೀಸದಿಂದ ಕಪ್ಪಾಗಿತ್ತು.

ಅವತ್ತು ಭಾನುವಾರವಲ್ಲ, ಆದರೂ ರಾತ್ರಿ ಡೈರಿಯ ಪುಟದ ಕೆಳಗೆ ಇಪ್ಪತ್ತೆಂಟು ಎಂದು ಬರೆದೆ. ಮುಂದಿನ ಸಂತೆಯ ದಿನ ಫೋನ್ ಬರಲಿಲ್ಲ. ದೊಡ್ಡಪ್ಪ ಬೆಳಗಿನಿಂದ ಅಂಗಳದಲ್ಲಿ ಓಡಾಡುತ್ತಲೇ ಇದ್ದರು.